ಟ್ರೇಲರ್ ಬ್ಯಾಟರಿಗೆ ಕನ್ವರ್ಟರ್ ಆರಿಸುವುದು: ಲೆಕ್ಕ ಬ್ಯಾಟರಿಯ ಕಡೆಯಿಂದ ಶುರುವಾಗಲಿ

ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ, ಕೊಂಡ ಮೊದಲ ವರ್ಷ ಚಳಿಗಾಲ ಪೂರ್ತಿ ಅದನ್ನು ಪ್ಲಗ್ಗಿಗೆ ಸಿಕ್ಕಿಸಿಯೇ ಬಿಟ್ಟಿದ್ದೆ. ಬ್ಯಾಟರಿ ಸದಾ ತುಂಬಿರಲಿ ಎಂಬ ಕಾಳಜಿ ಅಷ್ಟೇ. ಚಳಿ ಕಳೆದ ಮೇಲೆ ಮುಚ್ಚಳ ತೆಗೆದು ನೋಡಿದರೆ ಆರೂ ಸೆಲ್ಲುಗಳಲ್ಲಿ ನೀರು ಪ್ಲೇಟಿಗಿಂತ ಕೆಳಕ್ಕೆ ಇಳಿದಿತ್ತು. ತಪ್ಪು ಬ್ಯಾಟರಿಯದ್ದಲ್ಲ. ಒಳಗೆ ಕೂತಿದ್ದ ಹಳೆಯ ಕನ್ವರ್ಟರಿಗೆ ಗೊತ್ತಿದ್ದುದು ಒಂದೇ ವೋಲ್ಟೇಜು, 13.8. ಬ್ಯಾಟರಿ ಹಸಿದಿರಲಿ, ಹೊಟ್ಟೆ ತುಂಬಿರಲಿ, ಹಗಲೂ ರಾತ್ರಿ ಅದೇ 13.8. ಹಸಿದಾಗ ಅದು ಸಾಲದು, ತುಂಬಿದ ಮೇಲೆ ತಿಂಗಳುಗಟ್ಟಲೆ ಅದು ಹೆಚ್ಚು.

ಹೊಸ ಕನ್ವರ್ಟರ್ ಹುಡುಕಲು ಕೂತಾಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಡಬ್ಬಿಯ ಮೇಲೆ ಬರೆದ ಆಂಪಿಯರ್ ನೋಡಿ, ದೊಡ್ಡ ಅಂಕಿಯದನ್ನು ತಂದೆ. ಅದು ಬ್ಯಾಟರಿಯನ್ನು ಹಳೆಯದಕ್ಕಿಂತ ಬೇಗ ತುಂಬಲಿಲ್ಲ. ಯಾಕೆ ತುಂಬಲಿಲ್ಲ ಎಂದು ಅರ್ಥವಾಗಲು ಇನ್ನೊಂದು ಬೇಸಿಗೆ ಬೇಕಾಯಿತು. ಈಗ ಯಾರು ಕೇಳಿದರೂ ಹೇಳುವುದು ಇಷ್ಟೇ: ಮೊದಲು ಬ್ಯಾಟರಿ ನೋಡಿ, ಅಲ್ಲಿಂದ ವೈರ್ ಹಿಡಿದುಕೊಂಡು ಹಿಂದಕ್ಕೆ ಬನ್ನಿ, ಕನ್ವರ್ಟರ್ ಕೊನೆಗೆ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸೋಣ. ಕನ್ವರ್ಟರ್ ಬೇರೆ, ಇನ್ವರ್ಟರ್ ಬೇರೆ. ಹೊರಗಿನ ಎಸಿ ಕರೆಂಟನ್ನು 12 ವೋಲ್ಟ್ ಡಿಸಿ ಮಾಡಿ ಬ್ಯಾಟರಿಗೂ, ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಫ್ರಿಜ್ಜಿನ ಕಂಟ್ರೋಲ್ ಬೋರ್ಡುಗಳಿಗೂ ಕೊಡುವುದು ಕನ್ವರ್ಟರ್. ಇನ್ವರ್ಟರ್ ಮಾಡುವುದು ಇದರ ತದ್ವಿರುದ್ಧ ಕೆಲಸ: ಬ್ಯಾಟರಿಯ ಡಿಸಿಯನ್ನು ಎಸಿ ಮಾಡುತ್ತದೆ. ಮನೆಯಲ್ಲಿ ನಾವು ಇನ್ವರ್ಟರ್ ಅನ್ನುವ ಪೆಟ್ಟಿಗೆ ಎರಡೂ ಕೆಲಸ ಮಾಡುವುದರಿಂದ ಈ ಗೊಂದಲ ಸಹಜ. ಟ್ರೇಲರಿನಲ್ಲಿ ಸಾಮಾನ್ಯವಾಗಿ ಎರಡೂ ಬೇರೆ ಬೇರೆ ಇರುತ್ತವೆ.

ಹೆಜ್ಜೆ 1: ಹಳೆಯದು ನಿಜಕ್ಕೂ ಕೆಟ್ಟಿದೆಯೇ?

ಒಂದು ಮಲ್ಟಿಮೀಟರ್ ಸಾಕು. ಹೊರಗಿನ ಪ್ಲಗ್ ತೆಗೆದು, ಒಂದೆರಡು ಗಂಟೆ ಬಿಟ್ಟು ಬ್ಯಾಟರಿಯ ಟರ್ಮಿನಲ್ ಮೇಲೆ ವೋಲ್ಟೇಜ್ ನೋಡಿ. ತುಂಬಿದ ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ, ಅರ್ಧ ಖಾಲಿಯಾದದ್ದು 12.1ರ ಆಸುಪಾಸು. ಈಗ ಪ್ಲಗ್ ಹಾಕಿ ಅದೇ ಜಾಗದಲ್ಲಿ ಮತ್ತೆ ನೋಡಿ. 13ರ ಮೇಲೆ ಏರಿದರೆ ಕನ್ವರ್ಟರಿಗೆ ಜೀವ ಇದೆ. ಮುಳ್ಳು ಅಲ್ಲಾಡದಿದ್ದರೆ ಕನ್ವರ್ಟರಿನ ಔಟ್‌ಪುಟ್ ತುದಿಯಲ್ಲೇ ಅಳೆಯಿರಿ. ಅಲ್ಲಿ 13.6 ಇದ್ದು ಬ್ಯಾಟರಿಯ ಹತ್ತಿರ 12.3 ಇದ್ದರೆ ಕಳ್ಳ ಇರುವುದು ದಾರಿಯಲ್ಲಿ.

ಆ ದಾರಿಯಲ್ಲಿ ಮೂರು ಜಾಗ ನೋಡಬೇಕು. ಒಂದು, ಫ್ಯೂಸ್ ಪ್ಯಾನೆಲಿನಲ್ಲಿರುವ ರಿವರ್ಸ್ ಪೊಲಾರಿಟಿ ಫ್ಯೂಸುಗಳು. ಬ್ಯಾಟರಿಯ ತುದಿಗಳನ್ನು ಅರೆಗಳಿಗೆ ಅದಲುಬದಲಾಗಿ ಮುಟ್ಟಿಸಿದರೂ ಇವು ಸುಟ್ಟುಹೋಗುತ್ತವೆ. ದೀಪ, ಪಂಪು ಎಲ್ಲ ಪ್ಲಗ್ಗಿನ ಮೇಲೆ ನಡೆಯುತ್ತಿರುತ್ತವೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಕನ್ವರ್ಟರ್ ಹೋಯಿತು ಎಂದು ಎಷ್ಟೋ ಜನ ಹೊಸದನ್ನು ತಂದಿರುತ್ತಾರೆ. ಎರಡು, ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್. ಯಾರೋ ತಿರುಗಿಸಿ ಮರೆತಿರಬಹುದು. ಮೂರು, ಟ್ರೇಲರಿನ ಮೂತಿಯಲ್ಲಿ ಬ್ಯಾಟರಿಯ ಪಕ್ಕ ಬಯಲಿಗೆ ಬಿದ್ದಿರುವ ಸಣ್ಣ ಬ್ರೇಕರ್ ಮತ್ತು ಫ್ರೇಮಿಗೆ ಬೋಲ್ಟ್ ಮಾಡಿದ ನೆಗೆಟಿವ್ ವೈರ್. ಮಳೆ, ಕೆಸರು, ರಸ್ತೆಯ ಉಪ್ಪು ಎಲ್ಲ ತಾಗುವುದು ಇಲ್ಲಿಗೇ. ತುಕ್ಕು ಕೆರೆದು ಬಿಗಿ ಮಾಡಿದರೆ ಕೆಲವೊಮ್ಮೆ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಇಷ್ಟಾದ ಮೇಲೂ ಬದಲಿಸಲು ಎರಡು ನ್ಯಾಯವಾದ ಕಾರಣಗಳಿವೆ. ಕನ್ವರ್ಟರ್ ಸತ್ತಿರಬೇಕು, ಇಲ್ಲವೇ ಗುಂಯ್ ಎನ್ನುವ ಹಳೆಯ ಕಾಲದ ಒಂದೇ ವೋಲ್ಟೇಜಿನದ್ದಾಗಿರಬೇಕು. ಲಿಥಿಯಂ ಬ್ಯಾಟರಿಗೆ ಹೋಗುತ್ತಿದ್ದೀರಿ ಎಂದರೆ ಅದು ಮೂರನೆಯ ಕಾರಣವಾಗಬಹುದು.

ಹೆಜ್ಜೆ 2: ಬ್ಯಾಟರಿಯ ಜಾತಿ, ಅದರ ಹಸಿವು

ನೀರು ಹಾಕುವ ಸಾಧಾರಣ ಲೆಡ್ ಆಸಿಡ್ ಬ್ಯಾಟರಿಗೆ ಮೂರು ಹಂತದ ಊಟ ಬೇಕು. ಹಸಿದಾಗ ಕನ್ವರ್ಟರ್ ಕೊಡಬಲ್ಲಷ್ಟು ಕರೆಂಟು, ಅದು ಬಲ್ಕ್. ವೋಲ್ಟೇಜ್ 14.4ರಿಂದ 14.8ರ ನಡುವೆ ಮುಟ್ಟಿದ ಮೇಲೆ ಅದೇ ಮಟ್ಟದಲ್ಲಿ ನಿಂತು ನಿಧಾನವಾಗಿ ತುಂಬುವುದು ಅಬ್ಸಾರ್ಪ್ಶನ್. ತುಂಬಿದ ಮೇಲೆ 13.2ರಿಂದ 13.6ಕ್ಕೆ ಇಳಿದು ಬರೀ ಕಾವಲು ಕಾಯುವುದು ಫ್ಲೋಟ್. ಮೊದಲ ಎರಡು ಹಂತ ಸರಿಯಾಗಿ ಸಿಗದಿದ್ದರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ 100 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಬ್ಯಾಟರಿ 60ರಂತೆ ನಡೆದುಕೊಳ್ಳುತ್ತದೆ. ಮೂರನೆಯದು ಇಲ್ಲದಿದ್ದರೆ ನನ್ನ ಮೊದಲ ಬ್ಯಾಟರಿಗಳಿಗೆ ಆದ ಗತಿ.

ಎಜಿಎಂ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ ಮುಚ್ಚಿದ ಲೆಡ್ ಬ್ಯಾಟರಿ. ಅದಕ್ಕೆ ಬೇಕಾದ ವೋಲ್ಟೇಜ್ ಬಹುಪಾಲು ಇದೇ, 14.4ರಿಂದ 14.7. ಆದರೆ ಅದಕ್ಕೆ ನೀರು ಮತ್ತೆ ಹಾಕಲಾಗುವುದಿಲ್ಲ, ಹೆಚ್ಚಿನ ಚಾರ್ಜಿನಲ್ಲಿ ಕಳೆದುಕೊಂಡದ್ದು ಹೋದದ್ದೇ. ಆಸಿಡ್ ಗಂಜಿಯಂತೆ ಗಟ್ಟಿಯಾಗಿರುವ ಜೆಲ್ ಬ್ಯಾಟರಿ ಇನ್ನೂ ನಾಜೂಕು. 14.1, 14.2ರ ಮೇಲೆ ಏರಿಸಬಾರದು. ನಿಮ್ಮಲ್ಲಿ ಜೆಲ್ ಇದ್ದರೆ, ಅದಕ್ಕೆಂದೇ ಬೇರೆ ಸೆಟ್ಟಿಂಗ್ ಇಲ್ಲದ ಕನ್ವರ್ಟರನ್ನು ಮುಟ್ಟಲೇಬೇಡಿ.

ಲಿಥಿಯಂ ಎಂದು ಟ್ರೇಲರಿಗೆ ಮಾರುವುದು ಬಹುತೇಕ ಲಿಥಿಯಂ ಐರನ್ ಫಾಸ್ಫೇಟ್. 3.2 ವೋಲ್ಟಿನ ನಾಲ್ಕು ಸೆಲ್ ಸೇರಿ 12.8. ಚಾರ್ಜ್ ಮಾಡಲು 14.2ರಿಂದ 14.6 ಬೇಕು. ಇದರ ಸ್ವಭಾವವೇ ಬೇರೆ. ಲೆಡ್ ಬ್ಯಾಟರಿ ತುಂಬುತ್ತಾ ಬಂದಂತೆ ಸಾಕು ಸಾಕು ಎನ್ನುತ್ತದೆ. ಲಿಥಿಯಂ ಕೊನೆಯವರೆಗೂ ತಟ್ಟೆ ಒಡ್ಡಿಕೊಂಡೇ ಇರುತ್ತದೆ. 55 ಆಂಪಿಯರಿನ ಕನ್ವರ್ಟರ್ ಲೆಡ್ ಬ್ಯಾಟರಿಗೆ 55 ಕೊಡುವುದು ಒಂದು ಗಂಟೆಯಿದ್ದರೆ, ಲಿಥಿಯಂಗೆ ಗಂಟೆಗಟ್ಟಲೆ ಕೊಡಬೇಕಾಗುತ್ತದೆ. ಹಳೆಯ ಕನ್ವರ್ಟರ್, ಹಳೆಯ ವೈರ್, ಹಳೆಯ ಬ್ರೇಕರ್ ಬಿಸಿಯಾಗುವುದು ಇದರಿಂದಲೇ. ಇನ್ನೊಂದು ಮಾತು: ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಲಿಥಿಯಂ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಒಳಗೆ ಲೋಹ ಕಟ್ಟಿ ಸೆಲ್ ಶಾಶ್ವತವಾಗಿ ಹಾಳಾಗುತ್ತದೆ. ಇದನ್ನು ತಡೆಯುವುದು ಬ್ಯಾಟರಿಯೊಳಗೆ ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡಿನ, ಅಂದರೆ ಬಿಎಂಎಸ್‌ನ ಕೆಲಸ, ಕನ್ವರ್ಟರಿನದ್ದಲ್ಲ. ಬ್ಯಾಟರಿ ಕೊಳ್ಳುವಾಗಲೇ ಅದನ್ನು ಕೇಳಿ ತಿಳಿದುಕೊಳ್ಳಿ.

ಲಿಥಿಯಂ ಕನ್ವರ್ಟರುಗಳಲ್ಲಿ ಒಂದು ಬಗೆ ಸದಾ 14.6ರಲ್ಲೇ ನಿಂತಿರುತ್ತದೆ. ವಾರಾಂತ್ಯಕ್ಕೆ ಹೋಗಿ ಬರುವವರಿಗೆ, ಬೇಗ ತುಂಬಿಸಿ ಪ್ಲಗ್ ತೆಗೆಯುವವರಿಗೆ ತೊಂದರೆಯಿಲ್ಲ. ಟ್ರೇಲರಿನಲ್ಲೇ ತಿಂಗಳುಗಟ್ಟಲೆ ಪ್ಲಗ್ ಹಾಕಿಕೊಂಡು ಇರುವವರಾದರೆ, ತುಂಬಿದ ಮೇಲೆ 13.6ರ ಹತ್ತಿರ ಇಳಿಯುವಂಥದ್ದೇ ಬೇಕು.

ಲೆಡ್, ಲಿಥಿಯಂ ಎರಡನ್ನೂ ತಾನೇ ಗುರುತಿಸುತ್ತೇನೆ ಎನ್ನುವ ಆಟೋ ಮಾದರಿಗಳೂ ಬಂದಿವೆ. ನನಗೆ ಅವುಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ವೋಲ್ಟೇಜಿನ ನಡೆ ನೋಡಿ ಊಹಿಸುವ ಯಂತ್ರಕ್ಕೆ, ಪಕ್ಕದಲ್ಲಿ ಸೋಲಾರ್ ಕೂಡ ಬ್ಯಾಟರಿಗೆ ಕರೆಂಟು ತುಂಬುತ್ತಿದ್ದರೆ ಲೆಕ್ಕ ತಪ್ಪಲು ಹೆಚ್ಚು ಹೊತ್ತು ಬೇಡ. ಕೈಯಿಂದ ತಳ್ಳುವ ಒಂದು ಸ್ವಿಚ್ ಅಥವಾ ಜಂಪರ್ (ಪಿನ್ನುಗಳನ್ನು ಜೋಡಿಸುವ ಸಣ್ಣ ಕೊಂಡಿ) ಇರುವುದೇ ವಾಸಿ. ನಿಮ್ಮ ಬ್ಯಾಟರಿ ಯಾವುದೆಂದು ನಿಮಗೆ ಗೊತ್ತಲ್ಲ.

ಕೊಳ್ಳುವ ಮುನ್ನ ಕೈಪಿಡಿಯಲ್ಲಿ ಹುಡುಕಬೇಕಾದದ್ದು ಈ ಅಂಕಿಗಳನ್ನು. ಉದಾಹರಣೆಗೆ ಪ್ರೋಗ್ರೆಸಿವ್ ಡೈನಮಿಕ್ಸ್ ಕಂಪನಿಯ, ಚಾರ್ಜಿನ ಹಂತ ಬದಲಿಸುವ ಚಾರ್ಜ್ ವಿಝಾರ್ಡ್ ಇರುವ ಮಾದರಿಗಳು 14.4, 13.6, 13.2 ಎಂಬ ಮೂರು ಮಟ್ಟದಲ್ಲಿ ನಡೆಯುತ್ತವೆ. ಕೊನೆಯ ಮಟ್ಟದಲ್ಲಿ ಸುಮ್ಮನೆ ಕೂತಾಗ 21 ಗಂಟೆಗೊಮ್ಮೆ 15 ನಿಮಿಷ 14.4ಕ್ಕೆ ಏರಿ ಒಳಗಿನ ಆಸಿಡ್ಡನ್ನು ಕಲಕುತ್ತವೆ. ಇಷ್ಟು ಸ್ಪಷ್ಟವಾಗಿ ಬರೆಯದೆ ಬರೀ ‘ಸ್ಮಾರ್ಟ್ ಚಾರ್ಜಿಂಗ್’ ಎಂದು ಬರೆದ ಡಬ್ಬಿಯನ್ನು ಕಪಾಟಿನಲ್ಲೇ ಬಿಡಿ.

ಬಿಸಿಲು, ಚಳಿಯ ಲೆಕ್ಕವನ್ನೂ ಸೇರಿಸಿ. ಲೆಡ್ ಬ್ಯಾಟರಿಗೆ 25 ಡಿಗ್ರಿಗಿಂತ ಪ್ರತಿ ಡಿಗ್ರಿ ತಣ್ಣಗಾದರೆ ಸುಮಾರು 0.02ರಿಂದ 0.03 ವೋಲ್ಟ್ ಹೆಚ್ಚು ಬೇಕು, ಬಿಸಿಯಾದರೆ ಅಷ್ಟೇ ಕಡಿಮೆ. ಸೊನ್ನೆ ಡಿಗ್ರಿಯಲ್ಲಿ 14.4 ಸಾಲದು, 15ರ ಹತ್ತಿರ ಬೇಕಾಗುತ್ತದೆ. ಸುಡು ಬೇಸಿಗೆಯಲ್ಲಿ ಅದೇ 14.4 ನೀರನ್ನು ಕುದಿಸುತ್ತದೆ. ಬ್ಯಾಟರಿಗೆ ಅಂಟಿಸುವ ಟೆಂಪರೇಚರ್ ಸೆನ್ಸರ್ ಇರುವ ಕನ್ವರ್ಟರ್ ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಲಿಥಿಯಂಗೆ ಈ ತಿದ್ದುಪಡಿ ಬೇಡ, ಇದ್ದರೆ ಆಫ್ ಮಾಡಿ.

ಹೆಜ್ಜೆ 3: ಎಷ್ಟು ಆಂಪಿಯರ್?

ನೀರಿನ ಬ್ಯಾಟರಿಗೆ ಅದರ ಎಎಚ್‌ನ ಶೇ. 10ರಿಂದ 25 ಆಂಪಿಯರ್ ಆರೋಗ್ಯಕರ. ಎಜಿಎಂ ಇನ್ನೂ ಸ್ವಲ್ಪ ಹೆಚ್ಚು ತಡೆಯುತ್ತದೆ. ಲಿಥಿಯಂಗೆ ಶೇ. 20ರಿಂದ 50. ಇದರ ಮೇಲೆ, ಚಾರ್ಜ್ ಆಗುತ್ತಿರುವಾಗಲೇ ಟ್ರೇಲರ್ ಒಳಗೆ ಉರಿಯುವ ದೀಪ, ತಿರುಗುವ ಫ್ಯಾನು ಇತ್ಯಾದಿಗೆ ಒಂದು 10 ಆಂಪಿಯರ್ ಸೇರಿಸಿ.

6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿ ಎರಡನ್ನು ಸೀರೀಸಿನಲ್ಲಿ ಜೋಡಿಸಿದರೆ 12 ವೋಲ್ಟಿನಲ್ಲಿ ಸುಮಾರು 220 ಎಎಚ್ ಸಿಗುತ್ತದೆ. ಅದರ ಶೇ. 20 ಎಂದರೆ 44. ಹತ್ತು ಸೇರಿಸಿದರೆ 54. ಅಂದರೆ 55 ಅಥವಾ 60 ಆಂಪಿಯರಿನ ಕನ್ವರ್ಟರ್ ಸಾಕು. 100 ಎಎಚ್‌ನ ಒಂದೇ ಒಂದು ಲೆಡ್ ಬ್ಯಾಟರಿಗೆ 35 ಧಾರಾಳ.

80 ಆಂಪಿಯರಿನದು ತಂದರೆ ಇನ್ನೂ ಬೇಗ ತುಂಬುವುದಿಲ್ಲವೇ? ಲೆಡ್ ಬ್ಯಾಟರಿಯ ಮಟ್ಟಿಗೆ, ಇಲ್ಲ. ಮೇಲಿನ ಜೋಡಿ ಅರ್ಧ ಖಾಲಿಯಾಗಿದೆ ಎಂದುಕೊಳ್ಳಿ. ಶೇ. 50ರಿಂದ 80ಕ್ಕೆ ಏರಲು 66 ಎಎಚ್ ಬೇಕು. 44 ಆಂಪಿಯರಿನಲ್ಲಿ ಒಂದೂವರೆ ಗಂಟೆ. ಆಮೇಲಿನ ಶೇ. 20ಕ್ಕೆ ಬ್ಯಾಟರಿಯೇ ಕರೆಂಟು ತೆಗೆದುಕೊಳ್ಳುವುದನ್ನು ಇಳಿಸುತ್ತಾ ಹೋಗುತ್ತದೆ. ನಾಲ್ಕು ಗಂಟೆಯೋ, ಇನ್ನೂ ಹೆಚ್ಚೋ. ಅಲ್ಲಿ 80 ಆಂಪಿಯರಿನ ಕನ್ವರ್ಟರೂ 40ರದ್ದೂ ಒಂದೇ. ಜನರೇಟರ್ ಹಾಕುವವರು ಬೆಳಿಗ್ಗೆ ಒಂದೆರಡು ಗಂಟೆ ಅದರಿಂದ ತುಂಬಿಸಿ, ಉಳಿದದ್ದನ್ನು ಸೋಲಾರಿಗೆ ಬಿಡುವುದು ಇದಕ್ಕೇ. ಆದರೆ ವಾರಕ್ಕೊಮ್ಮೆಯಾದರೂ ಪೂರ್ತಿ ನೂರಕ್ಕೆ ಮುಟ್ಟಿಸಿ, ಇಲ್ಲದಿದ್ದರೆ ಸಲ್ಫೇಟು ಬಿಡುವುದಿಲ್ಲ.

ಹೆಜ್ಜೆ 4: ದಾರಿಯಲ್ಲಿ ಸೋರುವ ವೋಲ್ಟು

ನನ್ನ ದೊಡ್ಡ ಕನ್ವರ್ಟರ್ ಸೋತದ್ದು ಇಲ್ಲಿ. ಬ್ಯಾಟರಿ ಇರುವುದು ಟ್ರೇಲರಿನ ಮೂತಿಯಲ್ಲಿ, ಕನ್ವರ್ಟರ್ ಮಂಚದ ಕೆಳಗೋ ಅಡುಗೆ ಕಟ್ಟೆಯ ಕೆಳಗೋ, ಹಿಂದೆ. ನಡುವೆ 5 ಮೀಟರ್ ವೈರ್ ಎಂದುಕೊಳ್ಳಿ. ಹೋಗಿ ಬರಲು 10 ಮೀಟರ್. ಕಾರ್ಖಾನೆಯವರು ಹಾಕುವ 8 ಗೇಜ್ ವೈರ್, ಅಂದರೆ 8.4 ಚದರ ಮಿಲಿಮೀಟರ್ ತಾಮ್ರ, 50 ಆಂಪಿಯರ್ ಹರಿದಾಗ ಈ ದೂರದಲ್ಲಿ ಒಂದು ವೋಲ್ಟ್ ನುಂಗಿಬಿಡುತ್ತದೆ. ಗೇಜಿನ ಅಂಕಿ ಇಳಿದಂತೆ ವೈರ್ ದಪ್ಪ: 6 ಗೇಜ್ ಆದರೆ 0.65, 4 ಗೇಜ್ ಆದರೆ 0.4.

ಒಂದು ವೋಲ್ಟ್ ಏನು ಮಹಾ ಅನ್ನಿಸಬಹುದು. ಆದರೆ ಕನ್ವರ್ಟರ್ ಬ್ಯಾಟರಿಯನ್ನು ನೋಡುವುದಿಲ್ಲ, ತನ್ನ ಬಾಗಿಲಲ್ಲಿರುವ ವೋಲ್ಟೇಜನ್ನು ನೋಡುತ್ತದೆ. ಅಲ್ಲಿ 14.4 ಕಂಡ ಕೂಡಲೇ, ಬ್ಯಾಟರಿಯಲ್ಲಿ 13.4 ಮಾತ್ರ ಇದ್ದರೂ, ತುಂಬಿತು ಎಂದು ಕೈ ಹಿಂದೆಗೆದುಕೊಳ್ಳುತ್ತದೆ. ಕರೆಂಟು ಇಳಿದಂತೆ ಸೋರಿಕೆಯೂ ಇಳಿಯುವುದರಿಂದ ಬ್ಯಾಟರಿ ಎಂದೋ ಒಂದು ದಿನ ತುಂಬೀತು, ಆದರೆ ನೀವು ದುಡ್ಡು ಕೊಟ್ಟ ಆಂಪಿಯರ್ ಅದಕ್ಕೆ ಮುಟ್ಟುವುದೇ ಇಲ್ಲ. ಕೆಲವು ಮಾದರಿಗಳು 13.6ರಲ್ಲಿ ಶುರುಮಾಡಿ, ವೋಲ್ಟೇಜ್ ಸಾಕಷ್ಟು ಕೆಳಗಿದ್ದರೆ ಮಾತ್ರ 14.4ಕ್ಕೆ ಏರುತ್ತವೆ. ಉದ್ದ ವೈರಿನ ದೆಸೆಯಿಂದ ಅವುಗಳಿಗೆ ವೋಲ್ಟೇಜ್ ಸದಾ ಎತ್ತರದಲ್ಲೇ ಕಾಣುತ್ತದೆ, 14.4ರ ಮುಖವನ್ನೇ ನೋಡದೆ ಕಾಲ ಕಳೆಯುತ್ತವೆ. ಅಂಥ ಕಡೆ ಕೈಯಿಂದ ಬಲ್ಕ್‌ಗೆ ಏರಿಸುವ ಬಟನ್ ಇರುವ ಮಾದರಿ ಉಪಯೋಗಕ್ಕೆ ಬರುತ್ತದೆ. ಪೂರ್ತಿ ಪರಿಹಾರ ಅದಲ್ಲ.

ಪರಿಹಾರ ಜಾಗ ಬದಲಿಸುವುದು. ಎಸಿ ವೈರ್ ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ, ಅಲ್ಲಿ ಹರಿಯುವುದು ಎಂಟೋ ಒಂಬತ್ತೋ ಆಂಪಿಯರ್. ಡಿಸಿ ವೈರ್ ಗಿಡ್ಡವಾಗಿ ದಪ್ಪವಾಗಿರಬೇಕು. ಕನ್ವರ್ಟರನ್ನು ಟ್ರೇಲರಿನ ಮುಂಭಾಗಕ್ಕೆ, ಬ್ಯಾಟರಿಯಿಂದ ಮೀಟರ್ ಒಂದೂವರೆ ದೂರಕ್ಕೆ ತಂದು 4 ಗೇಜ್ ವೈರ್ ಎಳೆದ ದಿನ, ಹಳೆಯ ಬ್ಯಾಟರಿಯೇ ಹೊಸದರಂತೆ ಚಾರ್ಜ್ ತೆಗೆದುಕೊಂಡಿತು. ಮುಂಭಾಗ ಎಂದರೆ ಒಣಗಿದ, ಗಾಳಿಯಾಡುವ ಸಾಮಾನಿನ ಗೂಡು. ಬ್ಯಾಟರಿ ಇರುವ ಪೆಟ್ಟಿಗೆಯಲ್ಲ. ಚಾರ್ಜ್ ಆಗುವ ಲೆಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇ. 4 ಸೇರಿದರೆ ಒಂದು ಕಿಡಿ ಸಾಕು.

ಹೆಜ್ಜೆ 5: ಕರೆಂಟ್ ಬರುವ ಕಡೆಯ ಲೆಕ್ಕ

60 ಆಂಪಿಯರನ್ನು 14.4 ವೋಲ್ಟಿನಲ್ಲಿ ಕೊಡಲು 864 ವ್ಯಾಟ್. ಒಳಗಿನ ನಷ್ಟ ಸೇರಿದರೆ ಪ್ಲಗ್ಗಿನಿಂದ ಎಳೆಯುವುದು ಸುಮಾರು 1000 ವ್ಯಾಟ್. 120 ವೋಲ್ಟಿನ ಕಡೆ ಎಂಟೂವರೆ ಆಂಪಿಯರ್, 230ರ ಕಡೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎಸಿ ಕರೆಂಟನ್ನು ವ್ಯರ್ಥವಾಗದಂತೆ ಸಮನಾಗಿ ಎಳೆಯುವ ಏರ್ಪಾಡು (ಪವರ್ ಫ್ಯಾಕ್ಟರ್ ತಿದ್ದುಪಡಿ) ಇಲ್ಲದ ಕನ್ವರ್ಟರ್ ಇದಕ್ಕಿಂತಲೂ ಹೆಚ್ಚು ಆಂಪಿಯರ್ ಎಳೆಯುತ್ತದೆ. 1600 ವ್ಯಾಟ್ ಸತತವಾಗಿ ಕೊಡುವ ಜನರೇಟರ್ ಇದನ್ನು ಎತ್ತುತ್ತದೆ, 1000ದ್ದು ಏದುಸಿರು ಬಿಡುತ್ತದೆ. 120 ವೋಲ್ಟಿನ 30 ಆಂಪಿಯರ್ ಪ್ಲಗ್ಗಿನಲ್ಲಿ ಏರ್ ಕಂಡೀಷನರ್, ಮೈಕ್ರೋವೇವ್, ಕನ್ವರ್ಟರ್ ಒಟ್ಟಿಗೆ ಓಡಿದರೆ ಬ್ರೇಕರ್ ಬೀಳುವುದೂ ಇದೇ ಲೆಕ್ಕದಿಂದ. ಖಾಲಿ ಬ್ಯಾಟರಿ ಇಟ್ಟುಕೊಂಡು ಕ್ಯಾಂಪಿಗೆ ಬಂದ ಮೊದಲ ಎರಡು ಗಂಟೆ ಏರ್ ಕಂಡೀಷನರ್ ಹಾಕುವ ಮುನ್ನ ಯೋಚಿಸಿ.

ಟ್ರೇಲರನ್ನು ಎಳೆಯುವ ಗಾಡಿಯಿಂದ ಏಳು ಪಿನ್ನಿನ ಸಾಕೆಟ್ ಮೂಲಕ ಬರುವ ಚಾರ್ಜನ್ನು ನೆಚ್ಚಬೇಡಿ. ಅದರ ವೈರ್ ಸಣ್ಣದು, ದೂರ ಹೆಚ್ಚು, ಬರುವುದು ಕೆಲವೇ ಆಂಪಿಯರ್.

ಹೆಜ್ಜೆ 6: ಯಾವ ಆಕಾರದ್ದು

ಎರಡು ಬಗೆ. ಫ್ಯೂಸ್ ಪ್ಯಾನೆಲಿನ ಕೆಳಭಾಗದಲ್ಲೇ ಸೇರಿಕೊಂಡಿರುವುದು ಒಂದು. ಅದರ ಕೆಳಗಿನ ತುಂಡನ್ನು ಮಾತ್ರ ಬದಲಿಸುವ ಕಿಟ್‌ಗಳು ಸಿಗುತ್ತವೆ, ಪ್ಯಾನೆಲಿನ ಮಾದರಿ ಸಂಖ್ಯೆ ಹೊಂದಬೇಕು. ಎಲ್ಲಿ ಬೇಕಾದರೂ ಬಿಗಿಯಬಹುದಾದ ಬಿಡಿ ಡಬ್ಬಿ ಇನ್ನೊಂದು. ವೈರ್ ಗಿಡ್ಡ ಮಾಡಬೇಕೆಂದರೆ ಎರಡನೆಯದೇ ಸರಿ. ಹಳೆಯದನ್ನು ಅಲ್ಲೇ ಬಿಡುವುದಾದರೆ ಅದರ ಎಸಿ ವೈರನ್ನು ಕಳಚಿಬಿಡಿ, ಎರಡು ಚಾರ್ಜರ್ ಒಂದನ್ನೊಂದು ಮೋಸಗೊಳಿಸುವುದು ಬೇಡ.

ಹೆಜ್ಜೆ 7: ಕೂಡಿಸುವಾಗ

ಹೊರಗಿನ ಪ್ಲಗ್ ತೆಗೆಯಿರಿ, ಜನರೇಟರ್ ನಿಲ್ಲಿಸಿ, ಸೋಲಾರ್ ಇದ್ದರೆ ಅದನ್ನೂ ಬಿಡಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ. ಈ ನಾಲ್ಕೂ ಆದ ಮೇಲೆ ಮಾತ್ರ ಸ್ಕ್ರೂಡ್ರೈವರ್. ಎಸಿ ಕಡೆಯ ಕೆಲಸ ಕೈಗೆ ಪಳಗಿಲ್ಲದಿದ್ದರೆ ಎಲೆಕ್ಟ್ರೀಷಿಯನ್‌ನನ್ನೇ ಕರೆಯಿರಿ, ಇದರಲ್ಲಿ ನಾಚಿಕೆಯಿಲ್ಲ.

ಬಣ್ಣದ ಬಲೆಯೊಂದಿದೆ. ಕಾರು ರಿಪೇರಿ ಮಾಡಿ ಅಭ್ಯಾಸವಿದ್ದವರಿಗೆ ಕಪ್ಪು ಎಂದರೆ ನೆಗೆಟಿವ್. ಅಮೆರಿಕ, ಕೆನಡಾಗಳಲ್ಲಿ ತಯಾರಾದ ಅನೇಕ ಟ್ರೇಲರುಗಳ 12 ವೋಲ್ಟ್ ವೈರಿಂಗಿನಲ್ಲಿ ಬ್ಯಾಟರಿಯ ಕಪ್ಪು ವೈರೇ ಪಾಸಿಟಿವ್, ಬಿಳಿಯದು ನೆಗೆಟಿವ್. ಬ್ಯಾಟರಿ ಬದಲಿಸಿದ ಮರುದಿನ ಕನ್ವರ್ಟರ್ ಸತ್ತಿತು ಎನ್ನುವವರ ಕಥೆಯಲ್ಲಿ ಬಹಳ ಸಲ ಇದೇ ಇರುತ್ತದೆ. ಬಣ್ಣ ನಂಬದೆ ಮೀಟರ್ ಹಿಡಿದು ನೋಡಿ, ಟೇಪಿನಿಂದ ಗುರುತು ಹಾಕಿ.

ಪಾಸಿಟಿವ್ ವೈರಿಗೆ ಬ್ಯಾಟರಿಯ ಆದಷ್ಟು ಹತ್ತಿರ ಫ್ಯೂಸ್ ಇರಲೇಬೇಕು. ಅದರ ಅಳತೆ ಕನ್ವರ್ಟರಿನ ಕರೆಂಟಿಗಿಂತ ಹೆಚ್ಚು, ವೈರ್ ತಾಳುವುದಕ್ಕಿಂತ ಕಡಿಮೆ. ಕನ್ವರ್ಟರಿನ ಲೋಹದ ಮೈಯನ್ನು ಟ್ರೇಲರಿನ ಫ್ರೇಮಿಗೆ ಗ್ರೌಂಡ್ ಮಾಡಿ. ಅದರ ಫ್ಯಾನಿನ ಮುಂದೆ ಹೊದಿಕೆ, ಚೀಲ ತುರುಕಬೇಡಿ. ಬಿಸಿಯಾದ ಕನ್ವರ್ಟರ್ ತಾನೇ ಕರೆಂಟು ಇಳಿಸುತ್ತದೆ, ನೀವು ಬ್ಯಾಟರಿಯನ್ನು ಬೈಯುತ್ತೀರಿ.

ದೊಡ್ಡ ಇನ್ವರ್ಟರ್ ಇಟ್ಟು ಟ್ರೇಲರಿನ ಎಲ್ಲ ಸಾಕೆಟ್ಟಿಗೂ ಅದರಿಂದ ಕರೆಂಟು ಕೊಡುವವರು, ಇನ್ವರ್ಟರ್ ನಡೆಯುವಾಗ ಕನ್ವರ್ಟರಿನ ಬ್ರೇಕರ್ ಇಳಿಸಲೇಬೇಕು. ಇಲ್ಲದಿದ್ದರೆ ಬ್ಯಾಟರಿ ಇನ್ವರ್ಟರಿಗೆ, ಇನ್ವರ್ಟರ್ ಕನ್ವರ್ಟರಿಗೆ, ಕನ್ವರ್ಟರ್ ಬ್ಯಾಟರಿಗೆ ಎಂದು ಸುತ್ತು ಹೊಡೆಯುತ್ತಾ ಪ್ರತಿ ಸುತ್ತಿನಲ್ಲೂ ಶಾಖವಾಗಿ ಸೋರಿ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದು.

ಹೆಜ್ಜೆ 8: ಕೂಡಿಸಿದ ಮೇಲೆ

ಬ್ಯಾಟರಿಯನ್ನು ಅರ್ಧದಷ್ಟು ಖಾಲಿ ಮಾಡಿ ಪ್ಲಗ್ ಹಾಕಿ. ಕನ್ವರ್ಟರಿನ ತುದಿಯಲ್ಲಿ ಒಮ್ಮೆ, ಬ್ಯಾಟರಿಯ ತುದಿಯಲ್ಲಿ ಒಮ್ಮೆ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ 0.3ರ ಒಳಗಿದ್ದರೆ ಒಳ್ಳೆಯ ಕೆಲಸ ಮಾಡಿದ್ದೀರಿ. ಹೆಚ್ಚಿದ್ದರೆ ಪಾಸಿಟಿವ್ ವೈರಿನ ಎರಡು ತುದಿಗಳ ನಡುವೆ, ಆಮೇಲೆ ನೆಗೆಟಿವ್ ವೈರಿನ ಎರಡು ತುದಿಗಳ ನಡುವೆ ಬೇರೆ ಬೇರೆ ಅಳೆದು ತಪ್ಪಿತಸ್ಥನನ್ನು ಹಿಡಿಯಿರಿ. ನನಗೆ ಸಿಕ್ಕಿದ್ದು ನೆಗೆಟಿವ್ ಕಡೆಯ ತುಕ್ಕು ಹಿಡಿದ ಒಂದು ಬೋಲ್ಟು. ಅರ್ಧ ಗಂಟೆಯ ನಂತರ ಫ್ಯೂಸ್ ಹೋಲ್ಡರ್, ಬ್ರೇಕರ್, ವೈರಿನ ತುದಿಗಳನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಪ್ಲಗ್ ತೆಗೆದು ಸರಿಮಾಡಿ. ಲಿಥಿಯಂ ಹಾಕಿದವರು ಈ ಪರೀಕ್ಷೆಯನ್ನು ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬೇಕು.

ಸದಾ 14.6ರಲ್ಲೇ ನಿಲ್ಲುವ ಲಿಥಿಯಂ ಬಗೆಯನ್ನು ಬಿಟ್ಟರೆ, ಮರುದಿನ ನೋಡಿದಾಗ ವೋಲ್ಟೇಜ್ 13.6ಕ್ಕೋ 13.2ಕ್ಕೋ ಇಳಿದಿರಬೇಕು. ಎರಡು ದಿನವಾದರೂ 14.4ರಲ್ಲೇ ನಿಂತಿದ್ದರೆ, ಒಂದೋ ಸೆಲ್ ಒಂದು ಸತ್ತಿದೆ, ಇಲ್ಲವೇ ಸೆಟ್ಟಿಂಗ್ ತಪ್ಪಿದೆ.

ಟ್ರೇಲರನ್ನು ನಿಲ್ಲಿಸಿ ಹೋಗುವಾಗ ಪ್ಲಗ್ ಸಿಗದ ಜಾಗವಾದರೆ ಬ್ಯಾಟರಿಯ ಸ್ವಿಚ್ ತಿರುಗಿಸಿ ಬಿಡಿಸಿಬಿಡಿ. ಗ್ಯಾಸ್ ಡಿಟೆಕ್ಟರ್ ಒಂದೇ 0.1 ಆಂಪಿಯರ್ ಎಳೆದರೂ ತಿಂಗಳಿಗೆ 72 ಎಎಚ್ ಹೋಯಿತು. ಮತ್ತೆ ಹೊರಡುವ ಮುನ್ನ ಬ್ಯಾಟರಿ ತುಂಬಿರುವುದನ್ನು ನೋಡಿಯೇ ಗಾಡಿಗೆ ಕಟ್ಟಿ: ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್ ಕೊಂಡಿ ಕಳಚಿಕೊಂಡರೆ ಅದನ್ನು ನಿಲ್ಲಿಸುವ ಬ್ರೇಕಿಗೆ ಕರೆಂಟು ಬರುವುದು ಈ ಬ್ಯಾಟರಿಯಿಂದಲೇ. ಪ್ಲಗ್ ಹಾಕಿಯೇ ಬಿಡುವುದಾದರೆ, ಕನ್ವರ್ಟರ್ ಎಷ್ಟೇ ಜಾಣನಾಗಿರಲಿ, ನೀರಿನ ಬ್ಯಾಟರಿಯ ಮುಚ್ಚಳವನ್ನು ತಿಂಗಳಿಗೊಮ್ಮೆ ತೆಗೆದು ನೋಡಿ, ಪ್ಲೇಟು ಕಾಣುವ ಮೊದಲೇ ಡಿಸ್ಟಿಲ್ಡ್ ವಾಟರ್ ಹಾಕಿ.